ಅಲುಗಾಡದ ಕೈಗಳು

ನರ್ಸಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ರಜೆಯಲ್ಲಿ ಮನೆಗೆ ಬಂದಿದ್ದಾಗ, "ದೊಡ್ಡಮ್ಮಾ, ಇಷ್ಟು ವರ್ಷಗಳ ಸೇವೆಯಲ್ಲಿ ನೀವು ಕಲಿತ ಅತ್ಯಂತ ಕಷ್ಟದ ಕೆಲಸ ಯಾವುದು?" ಎಂದು ಕೇಳಿದಳು. "ಕೈಗಳನ್ನು ಅಲುಗಿಸದೆ ಇರುವುದು" ಎಂದೆ. ಅವಳು ನಕ್ಕಳು. ಆಗ ನಾನು ಅವಳಿಗೆ ಒಂದು ರಾತ್ರಿಯ ಕಥೆ ಹೇಳಬೇಕಾಯಿತು.

ಅದು 2004ರ ಮಳೆಗಾಲ. ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ನಮ್ಮ ತುರ್ತುಚಿಕಿತ್ಸಾ ವಿಭಾಗಕ್ಕೆ ತಂದಿದ್ದರು. ಪ್ರಜ್ಞೆಯಿರಲಿಲ್ಲ, ಗಂಟಲಿನಲ್ಲಿ ರಕ್ತ ತುಂಬಿ ಉಸಿರು ಗೊರಗೊರ ಎನ್ನುತ್ತಿತ್ತು. ಉಸಿರುನಾಳಕ್ಕೆ ನಳಿಕೆ ಇಳಿಸದೆ ಬೇರೆ ದಾರಿಯಿರಲಿಲ್ಲ. ಆದರೆ ಹೀಗೆ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವರ ಕತ್ತಿನ ಮೂಳೆಯೂ ಮುರಿದಿರಬಹುದೆಂದೇ ಭಾವಿಸಿ ನಡೆಯಬೇಕು.

ಸಾಮಾನ್ಯವಾಗಿ ನಳಿಕೆ ಇಳಿಸುವಾಗ ತಲೆಯ ಕೆಳಗೆ ದಿಂಬಿಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಆಗ ವೈದ್ಯರಿಗೆ ಧ್ವನಿಪೆಟ್ಟಿಗೆ ಚೆನ್ನಾಗಿ ಕಾಣುತ್ತದೆ. ಕತ್ತು ಮುರಿದವನಲ್ಲಿ ಅದೇ ಬಾಗುವಿಕೆ ಅಪಾಯ. ಕತ್ತಿನ ಏಳು ಮೂಳೆಗಳ ನಡುವೆ ಬೆನ್ನುಹುರಿ ಇಳಿಯುತ್ತದೆ. ಉಸಿರಾಡಿಸುವ ವಪೆಗೆ ನರಗಳು ಹೊರಡುವುದೂ ಕತ್ತಿನಿಂದಲೇ. ಮುರಿದ ಮೂಳೆ ಜರುಗಿ ಹುರಿಯನ್ನು ಒತ್ತಿದರೆ ಕೈಕಾಲುಗಳ ಬಲ ಹೋಗಬಹುದು, ಉಸಿರೇ ನಿಲ್ಲಬಹುದು. ಅತ್ತ ಉಸಿರಿಗಾಗಿ ಕಾಯುವಂತೆಯೂ ಇಲ್ಲ; ಆಮ್ಲಜನಕವಿಲ್ಲದೆ ಮೆದುಳು ತಾಳುವುದು ಕೆಲವೇ ನಿಮಿಷ.

"ಸಿಸ್ಟರ್, ತಲೆ ಹಿಡಿಯಿರಿ" ಎಂದರು ಅರಿವಳಿಕೆ ವೈದ್ಯರು. ನಾನು ಮಂಚದ ತಲೆಯ ಕಡೆ, ಅವರ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಎರಡೂ ಅಂಗೈಗಳಿಂದ ಅವನ ತಲೆಯನ್ನು ಕಿವಿಗಳ ಬಳಿ ಹಿಡಿದೆ. ಎಳೆಯುವಂತಿಲ್ಲ, ಒತ್ತುವಂತಿಲ್ಲ; ಇದ್ದಲ್ಲೇ ಇರಿಸಬೇಕು. ಬಾಯಿ ಅಗಲವಾಗಿ ತೆರೆಯಲೆಂದು ಕತ್ತುಪಟ್ಟಿಯ ಮುಂಭಾಗವನ್ನು ಬಿಚ್ಚಿದರು. ಗಂಟಲಿನ ರಕ್ತವನ್ನು ಹೀರಿ ತೆಗೆದು, ಮಾಸ್ಕಿನಿಂದ ಆಮ್ಲಜನಕ ಕೊಟ್ಟು, ನಿದ್ರೆಯ ಮತ್ತು ಸ್ನಾಯು ಸಡಿಲಿಸುವ ಔಷಧಗಳನ್ನು ಕೊಟ್ಟರು. ಅಲ್ಲಿಯವರೆಗೆ ಕತ್ತನ್ನು ಬಿಗಿಹಿಡಿದಿದ್ದ ಸ್ನಾಯುಗಳೂ ಆಗ ಸೋತವು. ಇನ್ನು ಅವನ ಕತ್ತಿಗೆ ಕಾವಲಿದ್ದುದು ನನ್ನ ಕೈಗಳು ಮಾತ್ರ.

"ಕಾಣುತ್ತಿಲ್ಲ" ಎಂದರು ವೈದ್ಯರು. ತಲೆ ನೇರವಾಗಿದ್ದರೆ ಒಳಗಿನ ನೋಟ ಕಿರಿದಾಗುತ್ತದೆ. ಯಂತ್ರದ ಅಂಕಿ 96ರಿಂದ 92ಕ್ಕೆ ಇಳಿಯಿತು. ಸ್ವಲ್ಪ ಬಾಗಿಸಿಬಿಡೋಣ ಎಂಬ ಆಸೆ ನನ್ನ ಕೈಗಳಿಗೂ ಬಂತು. ವೈದ್ಯರು ಅವಸರಪಡದೆ ಉಪಕರಣವನ್ನು ಹೊರತೆಗೆದು ಮತ್ತೆ ಮಾಸ್ಕಿನಿಂದ ಉಸಿರು ಕೊಟ್ಟರು. ಎರಡನೆಯ ಸಲ ಬೂಜಿ ಎಂಬ ತೆಳುವಾದ, ಬಾಗುವ ಕಡ್ಡಿಯನ್ನು ಮೊದಲು ಇಳಿಸಿದರು. ಅದು ಉಸಿರುನಾಳದ ಉಂಗುರಗಳಿಗೆ ತಾಗಿ ಸರಿಯುವುದು ಅವರ ಬೆರಳಿಗೆ ತಿಳಿಯಿತು. ಅದರ ಮೇಲಿಂದ ನಳಿಕೆ ಜಾರಿತು. ಎದೆಯ ಎರಡೂ ಬದಿ ಸಮನಾಗಿ ಏರಿತು. ಪಟ್ಟಿಯನ್ನು ಮತ್ತೆ ಕಟ್ಟುವವರೆಗೂ ನಾನು ಕೈ ತೆಗೆಯಲಿಲ್ಲ. ಏಳುವಾಗ ನನ್ನ ಕಾಲು ಜೋಮು ಹಿಡಿದಿತ್ತು.

ಅವನ ಐದನೆಯ ಕತ್ತಿನ ಮೂಳೆ ಮುರಿದಿತ್ತು, ಹುರಿ ಉಳಿದಿತ್ತು. ಕೆಲವು ವಾರಗಳ ನಂತರ ಪಟ್ಟಿ ಧರಿಸಿ ತಾನೇ ನಡೆದು ಮನೆಗೆ ಹೋದ.

ಕಥೆ ಕೇಳಿದ ಹುಡುಗಿಗೆ, ಆ ರಾತ್ರಿ ನಾನು ಯಾರನ್ನು ನೆನೆದೆನೆಂದು ಹೇಳಲು ಧೈರ್ಯ ಬೇಕಾಯಿತು. 1982ರಲ್ಲಿ ನಾನು ಹದಿಮೂರರ ಹುಡುಗಿ. ಕೊನೆ ಕೊಯ್ಯಲು ಅಡಿಕೆ ಮರವೇರಿದ್ದ ನನ್ನ ಅಣ್ಣ ಕೆಳಗೆ ಬಿದ್ದ. ಓಡಿಹೋದ ನಾನು ಅವನ ತಲೆಯನ್ನೆತ್ತಿ ಮಡಿಲಿಗೆ ತೆಗೆದುಕೊಂಡು ನೀರು ಕುಡಿಸಲು ನೋಡಿದೆ. ನೆರೆಯವರು ಹೆಗಲು, ಕಾಲುಗಳನ್ನು ಹಿಡಿದು ಎತ್ತಿದರು, ತಲೆ ಜೋತಾಡುತ್ತಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿದರು. ಅಣ್ಣ ಹನ್ನೊಂದು ವರ್ಷ ಬದುಕಿದ. ಆದರೆ ನಡೆಯಲಿಲ್ಲ.

ಬೀಳುವಾಗಲೇ ಹುರಿ ಜಜ್ಜಿಹೋಗಿತ್ತೇ, ಅಥವಾ ನಮ್ಮ ಪ್ರೀತಿಯ ಕೈಗಳೇ ಅದನ್ನು ಮಾಡಿದವೇ? ನಾನು ಕೇಳಿದ ವೈದ್ಯರೆಲ್ಲ ಒಂದೇ ಉತ್ತರ ಕೊಟ್ಟರು: ಇನ್ನು ಯಾರೂ ಹೇಳಲಾರರು. ಆ ಪ್ರಶ್ನೆಯೊಡನೆಯೇ ನಾನು ಬದುಕಿದ್ದೇನೆ.

ಇಂದು ಪುಟ್ಟ ಕ್ಯಾಮೆರಾವುಳ್ಳ ಉಪಕರಣಗಳು ಬಂದು ವೈದ್ಯರ ಕೆಲಸ ಹಗುರಾಗಿದೆ. ಆದರೂ ತಲೆ ಹಿಡಿಯುವ ಕೈಗಳು ಬೇಕೇ ಬೇಕು. ಆ ಕೈಗಳ ಕೆಲಸ ಆಸ್ಪತ್ರೆಯಲ್ಲಲ್ಲ, ತೋಟದಲ್ಲಿ, ರಸ್ತೆಯಲ್ಲಿ ಆರಂಭವಾಗುತ್ತದೆ. ಬಿದ್ದವರನ್ನು ಕೂಡಲೇ ಎತ್ತಿ ಕೂರಿಸಬೇಡಿ. ನೀರು ಕುಡಿಸಬೇಡಿ. 108ಕ್ಕೆ ಕರೆ ಮಾಡಿಸಿ, ಒಬ್ಬರು ತಲೆಯನ್ನು ಇದ್ದ ಸ್ಥಿತಿಯಲ್ಲೇ ಹಿಡಿದುಕೊಳ್ಳಿ. ವಾಂತಿಯಾದರೆ ತಲೆ, ಬೆನ್ನು, ಕಾಲುಗಳನ್ನು ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ. ಉಸಿರೇ ನಿಂತರೆ, ಬೆಂಕಿಯೋ ನೀರೋ ಬಂದರೆ, ಕತ್ತಿಗಿಂತ ಪ್ರಾಣ ಮೊದಲು. ನೆರವಾದವರನ್ನು ಕಾನೂನು ಕಾಡುವುದೆಂಬ ಭಯವೂ ಬೇಡ. ರಸ್ತೆ ಅಪಘಾತದಲ್ಲಿ ಸದ್ಭಾವದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ನೀಡಿದೆ.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೆಲದ ಮೇಲೆ ಮಲಗಿ, "ದೊಡ್ಡಮ್ಮಾ, ಹೇಗೆ ಹಿಡಿಯಬೇಕು, ತೋರಿಸಿ" ಎಂದಳು. ನಾನು ಮೆಲ್ಲನೆ ಮಂಡಿಯೂರಿದೆ. ವಯಸ್ಸಾಯಿತು, ಕೈಗಳು ಈಗ ತುಸು ನಡುಗುತ್ತವೆ. ಅವಳ ತಲೆಯನ್ನು ಹಿಡಿದಾಗ ಮಾತ್ರ ಅವು ನಡುಗಲಿಲ್ಲ.