ಉರಿ ನಮ್ಮದು, ಕೊಪ್ಪರಿಗೆ ಅವರದು

 

ಹೋದ ತಿಂಗಳು ನನ್ನ ಮಗಳು ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದಳು. ಎಂಟನೇ ಕ್ಲಾಸು ಓದ್ತಾಳೆ. ಮೆಕ್ಸಿಕೋ ದೇಶದಲ್ಲಿ ಒಂದು ದಿನದ ಟೂರು. ಬೆಳಿಗ್ಗೆ ಕಾಡಿನ ನಡುವೆ ಮಾಯಾ ಜನ ಕಟ್ಟಿದ ಹಳೇ ಕಲ್ಲುಗುಡಿಗಳನ್ನ ನೋಡೋದು, ಮಧ್ಯಾಹ್ನ ಹಳ್ಳಿಯೊಂದರಲ್ಲಿ ಚಾಕೊಲೇಟ್ ಮಾಡೋದನ್ನ ಕಲಿಯೋದು. ಕೋಕೋ ಬೀಜ ಹುರೀತಾರೆ, ಸಿಪ್ಪೆ ತೆಗೀತಾರೆ, ಥೇಟ್ ನಮ್ಮಜ್ಜಿ ಖಾರ ಅರೆದಂಗೆ ಕಲ್ಲಿನ ಮೇಲೆ ಅರೀತಾರೆ. ಆಮೇಲೆ ನೀರು ಬೆರೆಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹುಯ್ಯುತ್ತಾರೆ, ನೊರೆ ಬರಲಿ ಅಂತ. ಸುಮಾರು 8ನೇ ಶತಮಾನದ ಒಂದು ಮಾಯಾ ಮಡಕೆಯ ಮೇಲೂ ಹೀಗೇ ಎತ್ತರದಿಂದ ಹುಯ್ಯುವ ಹೆಂಗಸಿನ ಚಿತ್ರ ಇದೆ.

ಪಕ್ಕದಲ್ಲಿ ಕೂತು ನೋಡ್ತಿದ್ದ ನಮ್ಮಪ್ಪ ಮೆಲ್ಲಗೆ ಅಂದ: "ನಮಗೂ ಹಂಗೇ ಹುಯ್ಯೋರು ಕನವ್ವ, ಮೇಲಿಂದ. ನೊರೆ ಬರ್ಲಿ ಅಂತಲ್ಲ."

ಮಗಳಿಗೆ ಅರ್ಥ ಆಗಲಿಲ್ಲ. ನನಗೆ ಆಯ್ತು. ನಾನು ಮಾತು ಮರೆಸಿದೆ. ಅವಳು ಬಿಡಲಿಲ್ಲ. "ಅಪ್ಪಾ, ನಮ್ಮ ಕಡೆ ಇಂಥ ಟೂರ್ ಇಲ್ವಾ? ಹಳೇ ಕಲ್ಲೂ ನೋಡ್ಬೇಕು, ಸಿಹಿ ಮಾಡೋದೂ ನೋಡ್ಬೇಕು" ಅಂದಳು. ಮಂಡ್ಯ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳ್ತಾಳಲ್ಲ ಅನ್ನಿಸ್ತು. ಕಲ್ಲಿಗೆ ಅರೆತಿಪ್ಪೂರು ಇದೆ, ಸಿಹಿಗೆ ಆಲೆಮನೆ ಇದೆ. ಭಾನುವಾರ ಮೂರು ಜನಾನೂ ಹೊರಟ್ವಿ. ಅಪ್ಪನಿಗೀಗ 74.

ಹೊರಡೋ ಹಿಂದಿನ ರಾತ್ರಿ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನೆನಪಾಯ್ತು. 1934ರಲ್ಲಿ ಅವರೂ ಮೂವತ್ತು ಜನ ಸಂಗಾತಿಗಳೂ ಹೀಗೇ ಪ್ರವಾಸ ಹೊರಟಿದ್ದರು, ಎಲ್ಲೋರದ ಗುಹೆ ನೋಡೋಕೆ. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಹತ್ತಿರದ ಕೊಳದಲ್ಲಿ ಧೂಳು ತೊಳ್ಕೊಂಡರು ಅಷ್ಟೇ. ನೀರು ಮೈಲಿಗೆ ಆಯ್ತು ಅಂತ ಜನ ಕೂಡಿ ಗಲಾಟೆ ಮಾಡಿದರು. ಕೊನೆಗೆ ಕೋಟೆ ಒಳಗೆ ಎಲ್ಲೂ ನೀರು ಮುಟ್ಟದಂಗೆ ನೋಡ್ಕೊಳ್ಳೋಕೆ ಒಬ್ಬ ಬಂದೂಕಿನ ಸಿಪಾಯಿಯನ್ನ ಜೊತೆಗೆ ಕಳಿಸಿದರು. ಅಷ್ಟು ಹೊತ್ತಿಗೆ ಅವರು ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದಿದ್ದವರು. ನಮ್ಮ ಜನಕ್ಕೆ ಪ್ರವಾಸ ಅನ್ನೋದು ಯಾವತ್ತೂ ಬರೀ ಪ್ರವಾಸ ಆಗಿರಲಿಲ್ಲ.

ಬೆಳಿಗ್ಗೆ ಮದ್ದೂರಲ್ಲಿ ಇಳಿದು ವಡೆ ತಿಂದ್ವಿ. ಅಪ್ಪ ಹೋಟೆಲಿನ ಒಳಗೆ ಫ್ಯಾನಿನ ಕೆಳಗೇ ಕೂತ. ಟೀ ಬಂದಾಗ ಲೋಟ ತಿರುಗಿಸಿ ತಳ ನೋಡಿದ. ನಾನು ನೋಡಿದ್ದು ಕಂಡು ನಕ್ಕ. ಅವನ ಹುಡುಗುತನದಲ್ಲಿ ನಮ್ಮೂರ ಕಡೆಯ ಒಂದು ಹೋಟೆಲಲ್ಲಿ ನಮ್ಮವರಿಗೆ ಬೇರೆ ಲೋಟ ಇಡೋರು, ತಳಕ್ಕೆ ಬಣ್ಣದ ಗುರುತು ಹಾಕಿ. ಐವತ್ತು ವರ್ಷ ಆದ್ರೂ ಕೈ ಮರೆತಿಲ್ಲ.

ಅರೆತಿಪ್ಪೂರು ಮದ್ದೂರು ತಾಲ್ಲೂಕಿನಲ್ಲೇ ಇದೆ, ಕಾಳಮುದ್ದನದೊಡ್ಡಿ ಕಡೆ. ಇದು ಹಳೇ ಜೈನ ನೆಲೆ. ಒಂದು ಕಡೆ ಕನಕಗಿರಿ, ಇನ್ನೊಂದು ಕಡೆ ಶ್ರವಣಪ್ಪನ ಗುಡ್ಡ. ಅದರ ಮೇಲೆ ಸುಮಾರು ಹತ್ತು ಅಡಿ ಎತ್ತರದ ಬಾಹುಬಲಿ. ಬೆಳಗೊಳದ 58 ಅಡಿಯ ಮೂರ್ತಿ ನೋಡಿದವರಿಗೆ ಇದು ಮಗು ಥರ ಕಾಣುತ್ತೆ. ಪುರಾತತ್ವ ಇಲಾಖೆಯವರು ಅಗೆದು ತೆಗೆದ ಬಸದಿಗಳ ತಳಪಾಯ, ಇಟ್ಟಿಗೆ ಗೋಡೆಯ ಸಾಲು ಬಿಸಿಲಿಗೆ ಬಿದ್ದಿವೆ. ಶ್ರವಣಬೆಳಗೊಳದ ಜನಜಂಗುಳಿ ಇಲ್ಲಿಲ್ಲ. ಆವತ್ತು ನಾವು ಮೂರು ಜನ, ಮತ್ತೆ ಒಂದು ಮೇಕೆ ಹಿಂಡು.

ಈ ತಿಪ್ಪೂರಿನ ಬಗ್ಗೆ 12ನೇ ಶತಮಾನದ ಶಾಸನ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡು ಗೆದ್ದ. ಅದಕ್ಕೆ ಮೆಚ್ಚಿ ರಾಜ ಏನು ಬೇಕು ಕೇಳು ಅಂದಾಗ ತಿಪ್ಪೂರನ್ನ ಕೇಳಿ ಪಡೆದು, ಜೈನ ಗುರುವಿಗೆ ದಾನ ಕೊಟ್ಟ. ಇದನ್ನ ಮಗಳಿಗೆ ಹೇಳ್ತಾ ಇದ್ದೆ. ಅವಳು ಕೇಳಿದಳು: "ಊರನ್ನೇ ದಾನ ಕೊಟ್ರೆ ಊರಲ್ಲಿರೋ ಜನ?"

ನನ್ನ ಹತ್ರ ಉತ್ತರ ಇರಲಿಲ್ಲ. ಗೆದ್ದವನ ಹೆಸರಿದೆ, ಕೊಟ್ಟವನ ಹೆಸರಿದೆ, ಪಡೆದವರ ಹೆಸರಿದೆ. ಇಟ್ಟಿಗೆ ಸುಟ್ಟವರು, ಗುಡ್ಡಕ್ಕೆ ಕಲ್ಲು ಹೊತ್ತವರು, ದಾನ ಹೋದ ಗದ್ದೆಯಲ್ಲಿ ಮಾರನೇ ದಿನವೂ ಬಗ್ಗಿ ನಾಟಿ ಹಾಕಿದವರು ಯಾರು? ಅಪ್ಪ ಇಟ್ಟಿಗೆ ಒಂದನ್ನ ಮುಟ್ಟಿ ನೋಡಿ, "ಚೆನ್ನಾಗಿ ಬೇಯ್ಸವ್ರೆ ಕನ" ಅಂದ. ಅಷ್ಟೇ. ಬೆಂಕಿ ಕೆಲಸ ಮಾಡಿದವನಿಗೆ ಬೆಂಕಿ ಕೆಲಸ ಗುರುತು ಸಿಗುತ್ತೆ.

ಅಪ್ಪ ಆಲೆಮನೆಯಲ್ಲಿ ಇಪ್ಪತ್ತಾರು ವರ್ಷ ಉರಿ ಹಾಕಿದವನು. ಮಳವಳ್ಳಿ ಕಡೆ ನಮ್ಮೂರು. ಈ ಸೀಮೆಗೆ ಸಿಹಿ ಬಂದದ್ದು ಹೇಗೆ ಅಂತ ಎಲ್ಲರಿಗೂ ಗೊತ್ತು. ಕನ್ನಂಬಾಡಿ ಕಟ್ಟೆ ಆಯ್ತು, ನಾಲೆ ಹರೀತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಯ್ತು, ಹೊಲ ಎಲ್ಲ ಕಬ್ಬಿನ ಗದ್ದೆ ಆದವು. ನಾಲೆ ನೀರು ಭೂಮಿ ಇದ್ದವರ ಭೂಮಿಗೆ ಹರೀತು. ಭೂಮಿ ಇಲ್ಲದ ನಮ್ಮ ಕೇರಿಗೆ ಕೂಲಿ ಹರೀತು. ಕಬ್ಬು ಕಡಿಯೋದು, ಹೊರೋದು, ರಚ್ಚು ಒಣಗಿಸೋದು, ಒಲೆಗೆ ತುಂಬೋದು.

ಗುಡ್ಡ ಇಳಿದು ಮಳವಳ್ಳಿ ರಸ್ತೆಗೆ ಬಂದ್ವಿ. ದಾರಿಯಲ್ಲಿ ಒಂದು ಆಲೆಮನೆಯ ಹೊಗೆ ಕಾಣ್ತು. ಮಾಲೀಕರನ್ನ ಕೇಳಿದ್ವಿ, "ಬನ್ನಿ ಬನ್ನಿ, ನೋಡಿ" ಅಂದರು. ಕುರ್ಚಿ ತರಿಸಿದರು, ಕಬ್ಬಿನ ಹಾಲು ಕೊಟ್ಟರು. ಆಮೇಲೆ ಅಪ್ಪನನ್ನ ಕೇಳಿದರು, "ಯಾವೂರಾಯ್ತು? ಯಾರ ಪೈಕಿ?"

ಈ 'ಯಾರ ಪೈಕಿ' ಅನ್ನೋ ಪ್ರಶ್ನೆ ಏನು ಕೇಳುತ್ತೆ ಅಂತ ಇದನ್ನ ಓದ್ತಿರೋ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ನೇರವಾಗಿ ಹೇಳಿದ. ಒಂದು ಕ್ಷಣ ಸುಮ್ಮನಿದ್ದು ಅವರು, "ಇರ್ಲಿ ಬುಡಿ, ಈಗೆಲ್ಲ ಅದೇನೂ ಇಲ್ಲ" ಅಂದರು. ನಾವೇನೂ ಕೇಳಿರಲಿಲ್ಲ.

ಮಗಳು ನೋಟ್‌ಬುಕ್ ತೆಗೆದು ಬರ್ಕೊಂಡಳು. ಗಾಣಕ್ಕೆ ಕಬ್ಬು ಕೊಟ್ಟು ಹಾಲು ತೆಗೆಯೋದು. ದೊಡ್ಡ ಕೊಪ್ಪರಿಗೆಗೆ ತುಂಬಿ ಕಾಯಿಸೋದು. ಸುಣ್ಣದ ನೀರು, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ಮೇಲೆ ತೇಲುತ್ತೆ. ಆ ಮಡ್ಡಿಯನ್ನ ಜಾಲರಿಯಲ್ಲಿ ತೆಗೀತಾ ಇರಬೇಕು. ಎರಡು ಮೂರು ಗಂಟೆ ಕುದಿಬೇಕು. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ. ಬೆಳ್ಳಗೆ ಕಂಡರೆ ರೇಟು ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕೋರೂ ಇದ್ದಾರೆ. ಬೆಲ್ಲಕ್ಕೂ ಬೆಳ್ಳಗಾಗೋ ಹುಚ್ಚು ಹಿಡಿಸಿದ ದೇಶ ನಮ್ಮದು.

ನಾವು ಕೊಪ್ಪರಿಗೆ ಹತ್ರ ನಿಂತಿದ್ವಿ. ಅಪ್ಪ ಕಾಣಲಿಲ್ಲ. ಹುಡುಕಿದರೆ ಹಿಂದುಗಡೆ ತಗ್ಗಿನಲ್ಲಿ, ಒಲೆ ಬಾಯಿ ಹತ್ರ ಕುಕ್ಕರುಗಾಲಲ್ಲಿ ಕೂತಿದ್ದ. ಯಾರೂ ಅಲ್ಲಿಗೆ ಹೋಗು ಅಂದಿರಲಿಲ್ಲ. ಕಾಲು ತಾನಾಗೇ ಕರ್ಕೊಂಡು ಹೋಗಿತ್ತು.

ಅಲ್ಲಿ ಮಗಳು ಕೇಳಿದಳು, "ತಾತ, ಅವತ್ತು ಮೇಲಿಂದ ಹುಯ್ಯೋರು ಅಂದ್ಯಲ್ಲ, ಏನದು?"

ಅಪ್ಪ ರಚ್ಚು ತಳ್ಳೋ ಕೋಲು ನೋಡ್ತಾ ಹೇಳಿದ. "ಉರಿ ನಮ್ದು ಕೂಸೇ, ಕೊಪ್ರಿಗೆ ಅವರ್ದು. ಕೊಪ್ರಿಗೆ ಮುಟ್ಟಂಗಿರ್ಲಿಲ್ಲ. ಮುಟ್ಟುದ್ರೆ ಬೆಲ್ಲ ಕೆಡ್ತದೆ ಅನ್ನೋರು. ಬಾಯಾರುದ್ರೆ ಬೊಗಸೆ ಒಡ್ಡಬೇಕು, ಮೇಲಿಂದ ಹಾಲು ಹುಯ್ಯೋರು. ಅರ್ಧ ಬಾಯ್ಗೆ, ಅರ್ಧ ಎದೆಗೆ. ಬಿಸಿ ಬೆಲ್ಲ ಆದ್ರೆ ಬಾಳೆ ಎಲೆ ಮೇಲೆ ಎಸೆಯೋರು. ಅದೇ ಬೆಲ್ಲ ಗುಡೀಗೋಗದು, ಪಾನ್ಕ ಆಗದು. ನಾವು ಗುಡಿ ಆಚೇಲಿ ನಿಂತ್ಕಳದು."

ಮಗಳು ಬರೆಯೋದು ನಿಲ್ಲಿಸಿದಳು. ನಾನು ಈ ಕತೆಯನ್ನ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೀನಿ, ಚಪ್ಪಾಳೆ ತಗೊಂಡಿದ್ದೀನಿ. ಮಗಳಿಗೆ ಮಾತ್ರ ಹೇಳಿರಲಿಲ್ಲ. ಯಾಕೆ ಅಂತ ಕೇಳ್ಕೊಂಡೆ. ಅವಳ ತಲೆ ತಗ್ಗುತ್ತೇನೋ ಅನ್ನೋ ಭಯ. ಅವಳು ತಲೆ ತಗ್ಗಿಸಲಿಲ್ಲ. "ಅವರಿಗೆ ನಾಚಿಕೆ ಆಗ್ತಿರ್ಲಿಲ್ವಾ ತಾತ?" ಅಂದಳು. ನಾಚಿಕೆ ಯಾರದು ಅನ್ನೋದು ನನಗೆ ಅರ್ಥ ಆಗೋಕೆ ಮೂವತ್ತು ವರ್ಷ ಬೇಕಾಯ್ತು. ಅವಳಿಗೆ ಒಂದು ನಿಮಿಷ ಸಾಕಾಯ್ತು.

ಅಷ್ಟರಲ್ಲಿ ಅಪ್ಪ ಕಿವಿ ಕೊಟ್ಟು ಕೇಳಿ, "ಉರಿ ತಗ್ಸಪ್ಪ, ಹದ ಬಂತು" ಅಂದ. ಮೇಲೆ ಪಾಕ ನೋಡ್ತಿದ್ದವನು ಇನ್ನೂ ನೀರಿಗೆ ಹನಿ ಬಿಟ್ಟು ನೋಡಿರಲಿಲ್ಲ. ನೋಡಿದ. ಹದ ಬಂದಿತ್ತು. ಇಪ್ಪತ್ತಾರು ವರ್ಷ ಕೊಪ್ಪರಿಗೆ ಮುಟ್ಟದೆ, ಕುದಿಯೋ ಸದ್ದಿನಲ್ಲೇ, ವಾಸನೆಯಲ್ಲೇ ಹದ ಕಲಿತವನು ನಮ್ಮಪ್ಪ. ಮಾಲೀಕರು ಬೆರಗಾಗಿ ನಿಂತರು.

ತೊಟ್ಟಿಗೆ ಸುರಿದ ಬೆಲ್ಲ ತಣಿಯೋ ಮೊದಲು ಒಬ್ಬ ಹುಡುಗ ಬಿಸಿ ಬೆಲ್ಲ ತೆಗೆದು ಕೊಟ್ಟ. ನನ್ನ ಎದೆ ಹೊಡ್ಕೊಳ್ತಿತ್ತು. ಈ ವಯಸ್ಸಲ್ಲೂ, ಇಷ್ಟು ಹೋರಾಟ ಮಾಡಿಯೂ, ಹೇಗೆ ಕೊಡ್ತಾರೆ ಅಂತ ಕಾಯೋ ಮೈ ನಮ್ಮದು. ಅವನು ಎಲೆ ಮೇಲೆ ಇಟ್ಟು, ಎಲೆಯನ್ನ ಅಪ್ಪನ ಅಂಗೈಗೇ ಇಟ್ಟ. ಬೆರಳಿಗೆ ಬೆರಳು ತಾಕಿತು. ಅಪ್ಪ ತಿಂದ. "ಸುಣ್ಣ ಒಂಚೂರು ಹೆಚ್ಚಾಗದೆ" ಅಂದ.

ಕತೆ ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಆ ಹುಡುಗನಿಗೆ ಕನ್ನಡ ಬರ್ತಿರಲಿಲ್ಲ. ಉತ್ತರ ಪ್ರದೇಶದವನು. ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಮುಂಗಡ ತಗೊಂಡು ಬಂದಿದ್ದಾರೆ. ಅದು ತೀರೋವರೆಗೂ ಊರಿಗೆ ಹೋಗೋ ಹಂಗಿಲ್ಲ. ಆಲೆಮನೆ ಪಕ್ಕದ ಶೆಡ್ಡಲ್ಲೇ ಮಲಗೋದು. ಒಲೆ ಬಾಯಲ್ಲಿ ಕೂತಿದ್ದವನ ಮುಂಗೈ ತುಂಬ ಸುಟ್ಟ ಕಲೆ. ಅಪ್ಪ ತನ್ನ ಅಂಗಿ ತೋಳು ಮೇಲೆತ್ತಿ ಅವನ ಕೈ ಪಕ್ಕ ಇಟ್ಟು ತೋರಿಸಿದ. ಇಬ್ಬರಿಗೂ ಒಂದೇ ಜಾಗದಲ್ಲಿ ಕಲೆ. ಇಬ್ಬರೂ ನಕ್ಕರು. ಅವರಿಬ್ಬರ ನಡುವೆ ಒಂದು ಪದ ಮಾತೂ ಬೇಕಾಗಲಿಲ್ಲ.

ನಮ್ಮ ಮನೆಯವರು ಒಲೆ ಬಿಟ್ಟು ಎದ್ದಿದ್ದೇವೆ. ಒಲೆ ಖಾಲಿ ಇಲ್ಲ. ನಾವು ಎದ್ದ ಜಾಗಕ್ಕೆ ಇನ್ನೊಬ್ಬ ಬಡವನನ್ನ ಸಾವಿರಾರು ಮೈಲಿಯಿಂದ ತಂದು ಕೂರಿಸಿದ್ದಾರೆ. ನಾವು ಪ್ರವಾಸಿಗರಂತೆ ಬೆಲ್ಲ ತಿಂದು ಫೋಟೋ ತೆಗೆದ್ವಿ. ಇದನ್ನೂ ಬರೀದಿದ್ದರೆ ಈ ಪೋಸ್ಟು ಸುಳ್ಳಾಗುತ್ತೆ.

ಮಾಯಾ ಜನರ ವಿಷಯಕ್ಕೆ ಬರ್ತೀನಿ. 'ಕಣ್ಮರೆಯಾದ ನಾಗರಿಕತೆ' ಅಂತ ವಿಡಿಯೋದವನು ಹೇಳ್ತಿದ್ದ. ಆ ಜನ ಎಲ್ಲೂ ಕಣ್ಮರೆಯಾಗಿಲ್ಲ. ಮೆಕ್ಸಿಕೋ, ಗ್ವಾಟೆಮಾಲದಲ್ಲಿ ಲಕ್ಷಾಂತರ ಜನ ಈಗಲೂ ತಮ್ಮ ಭಾಷೆ ಆಡ್ಕೊಂಡು ಬದುಕಿದ್ದಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ಟಾ ಮೆಂಚು ಅದೇ ಜನದ ಹೆಣ್ಣುಮಗಳು. ಗ್ವಾಟೆಮಾಲದಲ್ಲಿ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷದಷ್ಟು ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಅಂತ 1999ರಲ್ಲಿ ಸತ್ಯ ಆಯೋಗವೇ ಹೇಳಿತು. ಅಜ್ಜಂದಿರ ಕಲ್ಲಿಗೆ ಟಿಕೆಟ್ಟು, ಮೊಮ್ಮಕ್ಕಳಿಗೆ ಗುಂಡು. ಕಲ್ಲನ್ನ ಗೌರವಿಸೋದು ಸುಲಭ, ಅದು ಕೂಲಿ ಕೇಳಲ್ಲ.

ಸಂಜೆ ಮಳವಳ್ಳಿಯಿಂದ ನಮ್ಮೂರಿಗೆ ಹೋದ್ವಿ. ಇದು ಮಂಟೇಸ್ವಾಮಿ ಸೀಮೆ. ಬೊಪ್ಪೇಗೌಡನಪುರದಲ್ಲಿ ಅವರ ಗದ್ದುಗೆ ಇದೆ. ರಾತ್ರಿ ಜಗಲಿ ಮೇಲೆ ಕೂತು ಅಪ್ಪ ಮೊಮ್ಮಗಳಿಗೆ ಸಿದ್ದಪ್ಪಾಜಿ ಕತೆ ಹೇಳಿದ. ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋದದ್ದು, ಅಲ್ಲಿನ ಪಾಂಚಾಳರು ಕೊಟ್ಟ ಕಷ್ಟ, ಎಲ್ಲ. ಆಗ ನನಗೆ ಹೊಳೀತು. ಶಾಸನದ ಕಲ್ಲು ಬರೆಯದೆ ಬಿಟ್ಟ ಕುಲುಮೆ, ಬೆಂಕಿ, ತಿಪ್ಪೆ, ಹಸಿವು ಎಲ್ಲವನ್ನೂ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡಿದ್ದಾರೆ. ನಮ್ಮ ಶಾಸನ ನಮ್ಮವರ ಗಂಟಲಲ್ಲಿದೆ. ನಾವು ಮಕ್ಕಳಿಗೆ ಹೇಳದೆ ಹೋದರೆ ಅದೂ ಅಳಿಸುತ್ತೆ.

ಮಗಳು ಪ್ರಾಜೆಕ್ಟ್ ಬರೆದು ಮುಗಿಸಿದ್ದಾಳೆ. ಕೊನೇ ಪುಟದಲ್ಲಿ 'ಬೆಲ್ಲ ಮಾಡಿದವರು' ಅಂತ ತಲೆಬರಹ ಹಾಕಿ, ಒಲೆ ಬಾಯಲ್ಲಿದ್ದವನಿಂದ ಹಿಡಿದು ಆ ಆಲೆಮನೆಯ ಏಳೂ ಜನರ ಹೆಸರು ಬರೆದಿದ್ದಾಳೆ. ನಾನು ಮುಂಗಡದ ಬಗ್ಗೆ ವಿಚಾರಿಸ್ತಾ ಇದ್ದಾಗ ಅವಳು ಒಬ್ಬೊಬ್ಬರ ಹತ್ರಾನೂ ಹೋಗಿ ಕೇಳ್ಕೊಂಡಿದ್ದಳು. ಎಂಟನೇ ಹೆಸರು ಅವಳ ತಾತಂದು.

ನಿಮ್ಮ ಊರ ಹತ್ರಾನೂ ಒಂದು ಹಳೇ ಕಲ್ಲಿರುತ್ತೆ, ಒಂದು ಒಲೆ ಇರುತ್ತೆ. ಅಪ್ಪ ಅವ್ವ ಇನ್ನೂ ನಡೆಯೋ ಹಂಗಿದ್ದರೆ, ಮಕ್ಕಳ ಜೊತೆ ಕರ್ಕೊಂಡು ಹೋಗಿ. ಅವರು ಹೇಳ್ತಾರೆ. ಮತ್ತೆ ಉರಿ ಹಾಕ್ತಿರೋನ ಹೆಸರು ಕೇಳದೆ ಬರಬೇಡಿ.

ಜೈ ಭೀಮ್.