ಹೊಟ್ಟೆ ತುಂಬಿತ್ತು, ರಕ್ತ ಇರಲಿಲ್ಲ

2020ರ ಲಾಕ್‌ಡೌನ್‌ನಲ್ಲಿ ನಮ್ಮ ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗಿನ ಕಷ್ಟ ಅಂದ ಕೂಡಲೇ ಎಲ್ಲರೂ ಹಸಿವಿನ ಕಥೆ ಅಂದುಕೊಳ್ಳುತ್ತಾರೆ. ಬಿಪಿಎಲ್ ಕಾರ್ಡ್ ಇತ್ತು. ಸೊಸೈಟಿಯಲ್ಲಿ ತಿಂಗಳ ಅಕ್ಕಿ ಬರುತ್ತಿತ್ತು, ಅದರ ಮೇಲೆ ಕೇಂದ್ರದ್ದು ತಲೆಗೆ ಇನ್ನೂ 5 ಕೆ.ಜಿ. ಬಿಟ್ಟಿಯಾಗಿ ಸೇರಿತು. ಮೈಸೂರು ರಸ್ತೆ ಕಡೆಯ ವಠಾರದಲ್ಲಿ ನಮ್ಮದು ಒಂದೇ ಕೋಣೆ, ಮಂಚದ ಕೆಳಗೆಲ್ಲ ಅಕ್ಕಿ ಚೀಲ. ಇಲ್ಲದ್ದು ದುಡ್ಡು. ನಾನು ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿತ್ತು, ಸಂಬಳ ಅರೆಬರೆ. ಯಜಮಾನರ ಆಟೊ ಬೀದಿಗಿಳಿಯುವ ಹಾಗಿರಲಿಲ್ಲ.

ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅದೇ ಅನ್ನಕ್ಕೆ ಉಪ್ಪಿನಕಾಯಿ. ನಡುನಡುವೆ ಟೀ. ಬೇಳೆ ಉಳಿಸಬೇಕೆಂದು ಸಾರು ದಿನದಿಂದ ದಿನಕ್ಕೆ ತೆಳ್ಳಗಾಯಿತು. ತಳದ ಗಟ್ಟಿ ಮಕ್ಕಳಿಗೂ ಅವರಪ್ಪನಿಗೂ, ಮೇಲಿನ ತಿಳಿ ನನಗೆ. ಯಾರೂ ಹೇಳಿ ಮಾಡಿಸಿದ್ದಲ್ಲ, ನಮ್ಮಮ್ಮನೂ ಹಾಗೇ ಬಡಿಸುತ್ತಿದ್ದಳು.

ಫ್ಯಾಕ್ಟರಿ ತೆರೆದ ಮೇಲೆ ಕಷ್ಟ ಗೊತ್ತಾಯಿತು. ಕಾಲರ್ ಹೊಲಿಯುವಾಗ ಸೂಜಿ ಎರಡೆರಡಾಗಿ ಕಾಣುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಟಾರ್ಗೆಟ್ ಮುಟ್ಟಲಿಲ್ಲವೆಂದು ಸೂಪರ್‌ವೈಸರ್ ಬೈದರೆ ಉತ್ತರ ಕೊಡುವುದಕ್ಕೂ ಉಸಿರು ಸಾಲದು. ಉಸಿರು ಕಟ್ಟುತ್ತದೆ ಎಂದು ಬಾಯಿಬಿಟ್ಟರೆ ಕೊರೊನಾ ಅಂತ ಎತ್ತಿಕೊಂಡು ಹೋಗುತ್ತಾರೆಂಬ ಭಯ, ಬಾಗಿಲಿಗೆ ಪಟ್ಟಿ ಕಟ್ಟುತ್ತಾರೆಂಬ ನಾಚಿಕೆ. ಹಾಗೇ ಮುಚ್ಚಿಟ್ಟುಕೊಂಡೆ. ಒಂದು ಮಧ್ಯಾಹ್ನ ಮಿಷನ್ ಮೇಲೆಯೇ ಕುಸಿದೆ.

ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಹೆಂಗಸರಿಗೆ ಹಿಮೊಗ್ಲೋಬಿನ್ 12 ಇರಬೇಕಂತೆ, ನನ್ನದು 7.2. ಡಾಕ್ಟರು ದಾಳಿಂಬೆ, ಖರ್ಜೂರ, ಬೀಟ್‌ರೂಟ್ ತಿನ್ನಿ ಎಂದು ಹೇಳಿ ಒಂದು ಟಾನಿಕ್ ಬರೆದರು. ಆ ಟಾನಿಕ್ಕಿನ ದುಡ್ಡಲ್ಲಿ ನಮ್ಮ ವಾರದ ತರಕಾರಿ ಬರುತ್ತಿತ್ತು. ಚೀಟಿ ಮಡಿಚಿ ದೇವರ ಪಟದ ಹಿಂದೆ ಸಿಕ್ಕಿಸಿದೆ.

ಕಬ್ಬಿಣದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಕೊಡುತ್ತಾರೆಂದು ಹೇಳಿದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ತೊಗೊಂಡರೆ ವಾಕರಿಕೆ, ಮಲ ಕಪ್ಪು, ಮಲಬದ್ಧತೆ ಬೇರೆ. "ಬಿಡಬೇಡಿ ಅಕ್ಕ. ಊಟ ಆದ ತಕ್ಷಣ ಟೀ ಮಾತ್ರ ಕುಡೀಬೇಡಿ, ಉಂಡಿದ್ದರಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹುಳಿ ಹಿಂಡ್ಕೊಳ್ಳಿ, ಆಗ ಹತ್ತುತ್ತೆ" ಅಂದಳು. ಮಾತ್ರೆ ನುಂಗುವುದಕ್ಕಿಂತ ಟೀ ದೂರ ಇಡುವುದು ಕಷ್ಟವಾಯಿತು. ಹಸಿವು ಕಟ್ಟಿಹಾಕಲು ನನಗಿದ್ದದ್ದು ಅದೊಂದೇ.

ಊಟ ಬದಲಾದದ್ದು ಮನೆ ಮಾಲೀಕರ ತಾಯಿಯಿಂದ, ನಾಗಮಂಗಲ ಕಡೆಯ ಅಜ್ಜಿ. "ಮಂಚದ್ ತುಂಬಾ ಅಕ್ಕಿ ಮಡಿಕ್ಕಂಡು ಹಿಂಗ್ ಬಿಳುಚ್ಕಂಡಿದ್ದೀಯಲ್ಲವ್ವ, ಸೊಪ್ಪು ಸದೆ ತಿನ್ನಕ್ಕೇನ್ ರೋಗ?" ಹಿತ್ತಲ ನುಗ್ಗೆಮರದಿಂದ ಎಷ್ಟು ಬೇಕಾದರೂ ಸೊಪ್ಪು ಕಿತ್ತುಕೋ ಅಂದರು. ಊರಿಂದ ಅಣ್ಣ ತರಕಾರಿ ಟೆಂಪೊದಲ್ಲಿ ಅರ್ಧ ಮೂಟೆ ರಾಗಿ ಕಳಿಸಿದ. ಹುರುಳಿ, ಅಲಸಂದೆ ಬೇಳೆಗಿಂತ ಅಗ್ಗಕ್ಕೆ ಸಿಕ್ಕವು. ಒಡಕು ಮೊಟ್ಟೆಯನ್ನು ಹೋಲ್‌ಸೇಲ್ ಅಂಗಡಿಯವರು ಕಡಿಮೆಗೆ ಕೊಡುತ್ತಾರೆ, ಅವತ್ತೇ ಬೇಯಿಸಬೇಕು ಅಷ್ಟೆ. ಭಾನುವಾರ ಕೋಳಿಯ ಬದಲು ಬರೀ ಲಿವರ್. ಮಾಂಸಕ್ಕಿಂತ ಅಗ್ಗ, ರಕ್ತಕ್ಕೂ ಒಳ್ಳೆಯದು.

ಬಸ್ಸಾರಿನಷ್ಟು ಲೆಕ್ಕಾಚಾರದ ಅಡುಗೆ ಇನ್ನೊಂದಿಲ್ಲ. ಕಾಳು ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯುವುದು. ಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಹುಣಸೆ, ಹಿಡಿ ಬೆಂದ ಕಾಳು ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸುವುದು ಒಂದೇ ಸಲ, ಬೆಂದ ನೀರೂ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯಿತು. ಸಾರು ಮರುದಿನಕ್ಕೆ ಇನ್ನೂ ರುಚಿ.

ಬಡವರೂ ಅಗ್ಗದಲ್ಲಿ ಪೌಷ್ಟಿಕ ಆಹಾರ ತಿನ್ನಬಹುದು ಎಂದು ಟಿವಿಯಲ್ಲಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಹೇಳುವುದು ಸುಳ್ಳಲ್ಲ. ಆದರೆ ರೂಪಾಯಿ ಲೆಕ್ಕ ಹಾಕುತ್ತಾರೆ, ಹೊತ್ತಿನ ಲೆಕ್ಕ ಹಾಕುವುದಿಲ್ಲ. ದಿನವಿಡೀ ಮಿಷನ್ ತುಳಿದು ರಾತ್ರಿ ಎಂಟಕ್ಕೆ ಮನೆಗೆ ಬಂದವಳು ನುಗ್ಗೆಸೊಪ್ಪಿನ ಎಲೆ ಎಲೆ ಬಿಡಿಸಿ, ಕಾಳು ಬೇಯಿಸಿ, ಮುದ್ದೆ ತಿರುವಬೇಕು. ಅನ್ನವಾದರೆ ಮೂರು ವಿಷಲ್. ನಾನು ಅನ್ನಕ್ಕೆ ಬಿದ್ದದ್ದು ಅಕ್ಕಿ ಬಿಟ್ಟಿ ಅಂತ ಮಾತ್ರವಲ್ಲ, ಕೈಯಲ್ಲಿ ತ್ರಾಣ ಇರಲಿಲ್ಲ. ತ್ರಾಣ ಬರಬೇಕಾದರೆ ಸೊಪ್ಪು ತಿನ್ನಬೇಕು, ಸೊಪ್ಪು ಬಿಡಿಸಲು ತ್ರಾಣ ಬೇಕು.

ಅದಕ್ಕೂ ದಾರಿ ತೋರಿಸಿದ್ದು ಅಜ್ಜಿಯೇ. ನುಗ್ಗೆಯ ಕಡ್ಡಿಗಳನ್ನು ರಾತ್ರಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಿಗ್ಗೆ ಕೊಡವಿದಾಗ ಎಲೆ ತಾನಾಗಿ ಉದುರುತ್ತದೆ. ಮೊದಲ ಸಲ ಕೊಡವಿದಾಗ ಎಲೆಯೆಲ್ಲ ನೆಲದ ಮೇಲೆ, ಕೈಯಲ್ಲಿ ಬರೀ ಕಡ್ಡಿ. ಮಗಳು ಚಪ್ಪಾಳೆ ತಟ್ಟಿದಳು. ಕಾಳು ನೆನೆಹಾಕುವುದು ಅವಳ ಪಾಲಿಗೆ ಬಂತು.

ಮುಂದಿನ ಪರೀಕ್ಷೆಯಲ್ಲಿ 9 ದಾಟಿತು, ಆಮೇಲೆ 10.8. ಮಾತ್ರೆಯಿಂದ ಎಷ್ಟು, ಸೊಪ್ಪಿನಿಂದ ಎಷ್ಟು ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ. ಮೆಟ್ಟಿಲು ಹತ್ತುತ್ತೇನೆ, ಸೂಜಿ ಒಂದೇ ಕಾಣುತ್ತದೆ. ಸಾರನ್ನು ತಳದಿಂದ ಕಲಕಿ ನಾಲ್ಕು ತಟ್ಟೆಗೂ ಒಂದೇ ಸಮ ಬಡಿಸುತ್ತೇನೆ. ಯಜಮಾನರು ಸೊಪ್ಪಿನ ಕೆಲಸಕ್ಕೆ ಈಗಲೂ ಕೈ ಹಾಕುವುದಿಲ್ಲ. ಬೆಳ್ಳುಳ್ಳಿ ಸುಲಿದುಕೊಡುತ್ತಾರೆ, ಸದ್ಯಕ್ಕೆ ಅಷ್ಟಕ್ಕೆ ರಾಜಿಯಾಗಿದ್ದೇವೆ.