ಬರೀ ನೆಲದ ಮೇಲೆ ಓಡಿಸೋಣ ಎಂದು...

ಮೋಡ ಕವಿದ ದಿನ ನನ್ನ ಎಡಗಾಲು ತುಸು ಎಳೆಯುತ್ತದೆ. ಕೇಳಿದವರಿಗೆ ‘ಬಿದ್ದಿದ್ದೆ’ ಎಂದಷ್ಟೇ ಹೇಳುತ್ತೇನೆ. ಎಲ್ಲಿಂದ ಎಂದು ಕೇಳಿದರೆ ಮಾತ್ರ ಕಷ್ಟ. ನಾನೇ ಜೋಡಿಸಿದ ವಿಮಾನದ ಸಮೇತ ಬಿದ್ದೆ ಎಂದರೆ ನಂಬುವವರು ಕಡಿಮೆ.

1994ರ ಮಾತು. ಆಗ ಅಮೆರಿಕದ ಡೇಟನ್ನಿನಲ್ಲಿ ನೌಕರಿ. ರೈಟ್ ಸಹೋದರರ ಊರು ಅದು. ಹಾರುವ ಹುಚ್ಚು ಅಲ್ಲಿ ನೆಗಡಿಯಂತೆ ಅಂಟುತ್ತದೆ. ಸಹೋದ್ಯೋಗಿಯೊಬ್ಬ ಅರ್ಧ ಜೋಡಿಸಿ ಕೈಬಿಟ್ಟಿದ್ದ ಅಲ್ಟ್ರಾಲೈಟ್ ಕಿಟ್ ಅಗ್ಗಕ್ಕೆ ಸಿಕ್ಕಿತು. ಅಲ್ಯೂಮಿನಿಯಂ ಕೊಳವೆಗಳು, ಡೇಕ್ರಾನ್ ಬಟ್ಟೆ, ತಲೆಯ ಮೇಲೊಂದು ಟೂ-ಸ್ಟ್ರೋಕ್ ಎಂಜಿನ್. ಒಟ್ಟು ತೂಕ ಹೆಚ್ಚುಕಡಿಮೆ ಒಂದು ಜಾವಾ ಬೈಕಿನಷ್ಟು.

ಅಲ್ಲಿ 1982ರಲ್ಲಿ ಬಂದ ನಿಯಮದ ಪ್ರಕಾರ, ಒಬ್ಬನೇ ಕೂರುವ, ಖಾಲಿ ತೂಕ 254 ಪೌಂಡಿನೊಳಗಿರುವ (ಸುಮಾರು 115 ಕಿಲೊ), ಐದು ಗ್ಯಾಲನ್ನಿಗಿಂತ ಹೆಚ್ಚು ಪೆಟ್ರೋಲ್ ಹಿಡಿಯದ ಇಂಥ ವಿಮಾನಕ್ಕೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ನನ್ನಾಕೆ ಗ್ಯಾರೇಜಿನ ಬಾಗಿಲಲ್ಲಿ ನಿಂತು, ‘ಸ್ಕೂಟರಿಗೆ ಲೈಸೆನ್ಸ್ ಕೇಳ್ತಾರೆ, ಇದಕ್ಕೆ ಬೇಡ್ವೇನ್ರೀ?’ ಎಂದಳು. ‘ಬೇಡ ಅಂತ ಸರ್ಕಾರವೇ ಹೇಳಿದೆ’ ಎಂದು ಬೀಗಿದೆ. ಒಂದೇ ಸೀಟು ಎಂದಮೇಲೆ ಕಲಿಸುವವನು ಪಕ್ಕದಲ್ಲಿ ಕೂರಲಾರ, ಮೊದಲ ಹಾರಾಟವೇ ಒಂಟಿ ಹಾರಾಟ ಎಂಬುದು ಹೊಳೆಯಲಿಲ್ಲ. ಕಲಿಯಲು ಎರಡು ಸೀಟಿನವು ಬೇರೆ ಇದ್ದವು. ಅದಕ್ಕೆ ಕೊಡಬೇಕಾದ ಫೀಸು ನನಗೆ ದಂಡವೆನಿಸಿತ್ತು.

ಅಂದು ಹಾರುವ ಯೋಚನೆ ಖಂಡಿತ ಇರಲಿಲ್ಲ. ಪರಿಚಯದ ರೈತರೊಬ್ಬರ ಹೊಲದ ಪಕ್ಕದ ಹುಲ್ಲಿನ ಮೇಲೆ ಅತ್ತಿಂದಿತ್ತ ಓಡಿಸಿ ಕೈ ಪಳಗಿಸುವುದು, ಅಷ್ಟೆ. ಮೂರು ಸಲ ಓಡಿಸಿದೆ. ನಾಲ್ಕನೆಯ ಸಲ ಎದುರಿನಿಂದ ಗಾಳಿ ಬೀಸಿತೋ, ನಾನೇ ಥ್ರಾಟಲ್ ಹೆಚ್ಚು ಕೊಟ್ಟೆನೋ, ಗಡಗಡ ಸದ್ದು ಥಟ್ಟನೆ ನಿಂತಿತು. ನೋಡಿದರೆ ಗಾಲಿಗಳು ನೆಲ ಬಿಟ್ಟಿವೆ! ಹುಲ್ಲು ಕೆಳಗೆ ಜಾರುತ್ತಿದೆ. ಒಂದು ಕ್ಷಣ ಎಂಥ ಸುಖ! ಮರುಕ್ಷಣ ಎದುರಿಗೆ ಮರಗಳ ಸಾಲು.

ಹೆದರಿದವನು ಬೈಕಿನಲ್ಲಿ ಮಾಡುವುದನ್ನೇ ಮಾಡಿದೆ: ಥ್ರಾಟಲ್ ಪೂರ್ತಿ ಮುಚ್ಚಿದೆ. ಎಂಜಿನ್ ಎತ್ತರದಲ್ಲಿರುವ ಇಂಥ ವಿಮಾನದಲ್ಲಿ ಅದರ ನೂಕು ನಿಂತರೆ ಮೂತಿ ಮೇಲೇಳುತ್ತದೆ. ಕಲ್ಲು ಎಸೆದರೆ ದೂರ ಹೋಗುತ್ತದೆ, ಹತ್ತಿಯುಂಡೆ ಕೈಯೆದುರೇ ಬೀಳುತ್ತದೆ, ಅಲ್ಟ್ರಾಲೈಟ್ ಹತ್ತಿಯುಂಡೆ. ಎಂಜಿನ್ ಸುಮ್ಮನಾದರೆ ಎರಡು ಮೂರು ಸೆಕೆಂಡಿನಲ್ಲಿ ವೇಗ ಹೋಯಿತು. ದೊಡ್ಡ ವಿಮಾನ ನಡೆಸಿದವರೂ ಇಲ್ಲಿ ಮೋಸಹೋಗುತ್ತಾರೆ. ಆಗ ಕೋಲನ್ನು ಮುಂದಕ್ಕೆ ಒತ್ತಿ ಮೂತಿ ತಗ್ಗಿಸಬೇಕು. ನೆಲ ಎದ್ದು ಬರುತ್ತಿರುವಾಗ ನೆಲದ ಕಡೆಗೇ ತಿರುಗಿಸು ಎಂದರೆ ಯಾವ ಕೈ ಕೇಳೀತು? ನನ್ನ ಕೈ ಹಿಂದಕ್ಕೆ ಎಳೆಯಿತು. ರೆಕ್ಕೆ ಗಾಳಿಯ ಹಿಡಿತ ಬಿಟ್ಟಿತು. ಇಪ್ಪತ್ತು ಅಡಿಯೇ ಇದ್ದಿರಬೇಕು. ಇನ್ನಿಪ್ಪತ್ತು ಅಡಿ ಮೇಲಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ಓದಲು ಬಿಡುವಿತ್ತು. ಜರ್ಮನಿಯ ಒಟ್ಟೊ ಲಿಲಿಯೆಂತಾಲ್ 1896ರಲ್ಲಿ, ತಾನೇ ಕಟ್ಟಿದ ಗ್ಲೈಡರಿನ ರೆಕ್ಕೆ ಹೀಗೇ ಹಿಡಿತ ಬಿಟ್ಟು ಸುಮಾರು ಐವತ್ತು ಅಡಿಯಿಂದ ಬಿದ್ದು ಸತ್ತ. ಎರಡು ಸಾವಿರ ಸಲ ಹಾರಿದ್ದವನು! ಅಷ್ಟನ್ನೂ ಕೂಡಿಸಿದರೆ ಗಾಳಿಯಲ್ಲಿ ಕಳೆದದ್ದು ಐದು ಗಂಟೆಯಷ್ಟೇ ಎಂದು ವಿಲ್ಬರ್ ರೈಟ್ ಲೆಕ್ಕ ಹಾಕಿದ್ದ. ಆ ಸಹೋದರರು ಎಂಜಿನ್ ಕೂರಿಸುವ ಮೊದಲು, 1902ರಲ್ಲಿ ಮರಳುಗುಡ್ಡದಿಂದ ಗ್ಲೈಡರಿನಲ್ಲಿ ನೂರಾರು ಸಲ ಜಾರಿ ಅಭ್ಯಾಸ ಮಾಡಿದ್ದರು. ಅವರ ಊರಿನಲ್ಲೇ ಇದ್ದುಕೊಂಡು ನನ್ನ ಅಭ್ಯಾಸ ಎಷ್ಟು? ಮೂರು ಓಟ.

ಮರುವರ್ಷ ಫೀಸು ಕೊಟ್ಟು ಎರಡು ಸೀಟಿನದರಲ್ಲಿ ಕಲಿತೆ. ಮೇಲೇರಿದ ಮೇಲೆ ಮೇಷ್ಟ್ರು ಹೇಳದೆ ಕೇಳದೆ ಥ್ರಾಟಲ್ ಮುಚ್ಚಿದರು. ಎಲ್ಲ ಓದಿಕೊಂಡಿದ್ದ ನನ್ನ ಕೈ ಮತ್ತೆ ಹಿಂದಕ್ಕೇ ಎಳೆಯಿತು. ಅವರು ಮೆಲ್ಲಗೆ ಕೋಲು ಮುಂದಕ್ಕೊತ್ತಿ, ‘ಇನ್ನೊಮ್ಮೆ’ ಎಂದರು. ಎಷ್ಟು ‘ಇನ್ನೊಮ್ಮೆ’ಗಳಾದವೋ, ಲೆಕ್ಕವಿಲ್ಲ.

ಮುರಿದ ವಿಮಾನ ಗ್ಯಾರೇಜಿನಲ್ಲೇ ಇತ್ತು. ರಿಪೇರಿ ಮಾಡಿಕೊಳ್ಳುತ್ತೇನೆಂದು ಒಬ್ಬ ಹುಡುಗ ಕೊಳ್ಳಲು ಬಂದ. ‘ಎಲ್ಲಿ ಕಲಿತೆಯಪ್ಪ?’ ಎಂದೆ. ‘ಮೊದಲು ಬರೀ ನೆಲದ ಮೇಲೆ ಓಡಿಸ್ತೀನಿ’ ಎಂದ. ಅವನನ್ನು ಕಳಿಸಿ, ಅಂದು ಸಂಜೆಯೇ ಬ್ಲೇಡು ತಂದು ರೆಕ್ಕೆಯ ಬಟ್ಟೆಯನ್ನು ಉದ್ದಕ್ಕೂ ಸೀಳಿದೆ.